ಹಬ್ಬದ ಸಿಹಿಗೂ ಒಂದು ಖಾತೆ ಇರಲಿ



ದೀಪಾವಳಿ ಬಂತೆಂದರೆ ಭಗವಾನ್ ಮಹಾವೀರರ ನಿರ್ವಾಣ ಲಾಡು, ಖಾತೆ-ಕಿರ್ದಿಯ ಪೂಜೆ, ಬಂದವರಿಗೆಲ್ಲ ಮಿಠಾಯಿ. ಧಾರೂರು, ತಾಂಡೂರು, ಜಹೀರಾಬಾದ್ ಪೇಟೆಗಳಲ್ಲಿ ಆ ದಿನ ಹತ್ತು ಅಂಗಡಿಗೆ ಹೋದ ವ್ಯಾಪಾರಿ ಹತ್ತು ಕಡೆಯೂ ಬಾಯಿ ಸಿಹಿ ಮಾಡಿಕೊಳ್ಳಬೇಕು. ಬೇಡವೆಂದರೆ ಅವರಿಗೆ ಬೇಸರ, ತಿಂದರೆ ಮನೆಯವರಿಗೆ ಚಿಂತೆ. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಅಂದಾಜು ಮಾಡಿದೆ. ಹೀಗಾಗಿ ಇದು ಮನೆ ಮನೆಯ ಮಾತು.

ಸಿಹಿಯನ್ನು ಪೂರ್ತಿ ಬಿಡಲೇಬೇಕೆಂದಿಲ್ಲ. ಆದರೆ ಜಮಾ-ಖರ್ಚು ಸರಿಯಿರಬೇಕು. ಊಟದಲ್ಲಿ ಒಂದು ಸಣ್ಣ ಹೋಳಿಗೆ ತಿನ್ನುವುದಾದರೆ ಆ ಹೊತ್ತಿನ ರೊಟ್ಟಿ, ಅನ್ನವನ್ನು ಅಷ್ಟಕ್ಕೆ ಕಡಿಮೆ ಮಾಡಿ. ಖಾಲಿ ಹೊಟ್ಟೆಯಲ್ಲಿ ತಿನ್ನಬೇಡಿ. ಬೇಳೆ, ಪಲ್ಯದ ಊಟದೊಂದಿಗೆ ತಿನ್ನಿ. ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸಿ ಬರೆದಿಡಿ. ಸಾಮಾನ್ಯವಾಗಿ 180ರ ಒಳಗಿರಬೇಕೆನ್ನುತ್ತಾರೆ. ನಿಮ್ಮ ಗುರಿಯನ್ನು ವೈದ್ಯರಿಂದ ತಿಳಿಯಿರಿ. ಅಂಗಡಿಗಳಲ್ಲಿ ಕೊಟ್ಟ ಮಿಠಾಯಿಯನ್ನು ಕೈಮುಗಿದು ತೆಗೆದುಕೊಂಡು ಮನೆಗೆ ತನ್ನಿ. ಕೊಟ್ಟವರ ಮನಸ್ಸೂ ಉಳಿಯುತ್ತದೆ.

“ಸಕ್ಕರೆಯಲ್ಲ, ಬೆಲ್ಲ ಹಾಕಿದ್ದೇನೆ” ಎಂದು ಅನೇಕ ತಾಯಂದಿರು ಸಮಾಧಾನಪಡುತ್ತಾರೆ. 100 ಗ್ರಾಂ ಬೆಲ್ಲದಲ್ಲಿ ಸುಮಾರು 95 ಗ್ರಾಂ ಪಿಷ್ಟ-ಶರ್ಕರವೇ ಇರುತ್ತದೆ. ಖರ್ಜೂರದ ಉಂಡೆಯೂ ಲೆಕ್ಕಕ್ಕೆ ಬರಬೇಕು. “ಶುಗರ್ ಫ್ರೀ” ಎಂದು ಮಾರುವ ಮಿಠಾಯಿಯಲ್ಲಿ ಮೈದಾ, ಖೋವಾ, ತುಪ್ಪ ಇದ್ದೇ ಇರುತ್ತವೆ. ಇದಕ್ಕಿಂತ ಹೂರಣದಲ್ಲಿ ಬೇಳೆ ಹೆಚ್ಚು, ಬೆಲ್ಲ ಕಡಿಮೆ ಮಾಡಿ, ಹೋಳಿಗೆಯನ್ನು ಅಂಗೈಗಿಂತ ಚಿಕ್ಕದಾಗಿ ತಟ್ಟಿ. 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ತಾಂಡೂರಿನ ತೊಗರಿ ನಮ್ಮ ಮನೆಬಾಗಿಲಲ್ಲೇ ಇದೆ.

ಈಗ ಮುಖ್ಯ ಮಾತು. ನಾವು ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುತ್ತೇವೆ. ಚಳಿಗಾಲದಲ್ಲಿ ಮುಂದಿನ ಆಹಾರಕ್ಕೆ ಹದಿಮೂರು ಗಂಟೆಗೂ ಹೆಚ್ಚು ಅಂತರ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ರಾತ್ರಿ ಸಕ್ಕರೆ ತೀರಾ ಇಳಿಯಬಹುದು. ಉಪವಾಸದ ದಿನ ಈ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ನಿಮ್ಮ ಊಟದ ಸಮಯ, ವ್ರತದ ದಿನಗಳನ್ನು ವೈದ್ಯರಿಗೆ ಮೊದಲೇ ಹೇಳಿ, ಔಷಧದ ಪ್ರಮಾಣವನ್ನು ಅವರಿಂದಲೇ ಗೊತ್ತುಮಾಡಿಕೊಳ್ಳಿ. ತಾವಾಗಿ ಮಾತ್ರೆ ಬಿಡಬೇಡಿ.

ಬೆವರು, ನಡುಕ, ಎದೆಬಡಿತ, ಮಾತು ತೊದಲುವುದು ಕಂಡರೆ ರಕ್ತ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಆಗ ಲಾಡು ಕೊಡಬೇಡಿ. ತುಪ್ಪದಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

“ರಾತ್ರಿ ಹೇಗೆ ಕುಡಿಯಲಿ, ನಿಯಮ ಮುರಿಯುತ್ತದೆ” ಎಂದು ಹಿರಿಯರು ಬಾಯಿ ಬಿಗಿಹಿಡಿಯುವುದುಂಟು. ಪಚ್ಚಕ್ಖಾಣದಲ್ಲಿ ಇಂಥ ಸಂಕಟಕ್ಕೆಂದೇ ‘ಆಗಾರ’ವೆಂಬ ವಿನಾಯಿತಿಯನ್ನು ಪೂರ್ವಾಚಾರ್ಯರು ಇಟ್ಟಿದ್ದಾರೆ. ನಿಯಮ ತೆಗೆದುಕೊಳ್ಳುವಾಗಲೇ ಗುರುಗಳಲ್ಲಿ ಕೇಳಿ ಮನಸ್ಸು ಹಗುರ ಮಾಡಿಕೊಳ್ಳಿ. ಮನೆಯವರು ದಿಂಬಿನ ಬಳಿ ಗ್ಲೂಕೋಸ್ ಪುಡಿಯ ಪೊಟ್ಟಣ ಇಡಲಿ.

ಈ ಸಲ ಪೂಜೆಯ ದಿನ ಹೊಸ ಖಾತೆಯ ಜೊತೆಗೆ ಒಂದು ಸಣ್ಣ ನೋಟು ಪುಸ್ತಕವನ್ನೂ ತನ್ನಿ. ಅದರಲ್ಲಿ ಅಪ್ಪಾಜಿಯ ಸಕ್ಕರೆಯ ಲೆಕ್ಕ ಬರೆಯಿರಿ.

ಜಯ ಜಿನೇಂದ್ರ.