ನೆರೆಯ ಗುರುತು, ಮನೆಯ ನೆಲೆ

ಸಂಸ್ಕೃತ ನಿಘಂಟುಗಳಲ್ಲಿ ನೀರಿಗೆ ‘ಜೀವನ’ ಎಂಬ ಹೆಸರೂ ಉಂಟು, ‘ವಿಷ’ ಎಂಬ ಹೆಸರೂ ಉಂಟು. ಮಲಪ್ರಭೆಯ ತೀರದ ಜನರಿಗೆ ಇದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಯು ಹತ್ತು ವರ್ಷಗಳ ಅಂತರದಲ್ಲಿ ಎರಡು ಸಲ, 2009ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ, ತನ್ನ ದಡದ ಮನೆಗಳನ್ನು ಹೊಕ್ಕಿತು. ಇಂಥ ಸಂದರ್ಭಗಳಲ್ಲಿ ಬಹುಜನರ ಬಾಯಿಂದ ಕೇಳಿಬರುವ ಮಾತು ಒಂದೇ: ಇಷ್ಟು ನೀರು ಬಂದೀತೆಂದು ಯಾರೂ ಎಣಿಸಿರಲಿಲ್ಲ. ಈ ಮಾತು ವಿಚಾರಣೀಯವಾದುದು. ಮಳೆ ಸುರಿಯುವುದು ಮನುಷ್ಯನ ಕೈಯಲ್ಲಿಲ್ಲ, ನಿಜ. ಆದರೆ ನೀರು ಹಿಂದೆ ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಮರೆಯುವುದು ಮನುಷ್ಯನದೇ ಕೃತ್ಯವಲ್ಲವೆ?

ಈ ಎರಡು ನೆರೆಗಳೂ ಒಂದೇ ಬಗೆಯವಲ್ಲವೆಂಬುದನ್ನು ಮೊದಲು ತಿಳಿಯಬೇಕು. 2009ರಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಬಂಗಾಳ ಉಪಸಾಗರದ ಕಡೆಯಿಂದ ಬಂದ ಮಳೆಯು ಬಯಲುಸೀಮೆಯ ಮೇಲೆಯೇ ಸುರಿಯಿತು. ಬರಕ್ಕೆ ಹೆಸರಾದ ಬಾಗಲಕೋಟೆ, ವಿಜಯಪುರ, ರಾಯಚೂರು ಜಿಲ್ಲೆಗಳಲ್ಲಿ ಹಳ್ಳಕೊಳ್ಳಗಳು ತಾವೇ ನದಿಗಳಾದವು. ನೆನೆದ ಮಣ್ಣಿನ ಗೋಡೆಗಳು ಕುಸಿದವು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನರು ಅಸುನೀಗಿದರು. 2019ರ ಆಗಸ್ಟ್ ತಿಂಗಳಲ್ಲಾದರೋ ಮಳೆಯು ಬಹುಮಟ್ಟಿಗೆ ಸಹ್ಯಾದ್ರಿಯ ಸೆರಗಿನಲ್ಲಿ ಬಿದ್ದು, ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಜಲಾಶಯಗಳನ್ನು ತುಂಬಿಸಿ, ಅಲ್ಲಿಂದ ಕೆಳಗೆ ಇಳಿಯಿತು. ಪಟ್ಟದಕಲ್ಲಿನ ದೇವಾಲಯಗಳ ಅಂಗಳದಲ್ಲಿ ನದಿ ನಿಂತಿತು. ಮೊದಲನೆಯದು ಮನೆಯ ಮೇಲಿನ ಮುಗಿಲಿನಿಂದ ಬಂದ ನೆರೆ. ಎರಡನೆಯದು ನಿರ್ಮಲವಾದ ಆಕಾಶದ ಕೆಳಗೂ ಬರಬಲ್ಲ ನೆರೆ. ತನ್ನೂರಿನಲ್ಲಿ ಮಳೆಯಿಲ್ಲವೆಂದು ನಿಶ್ಚಿಂತನಾಗುವ ಗೃಹಸ್ಥನು ಅರ್ಧವನ್ನಷ್ಟೇ ತಿಳಿದವನು.

ಅಣೆಕಟ್ಟು ಇರುವಾಗ ಭಯವೇಕೆಂದು ಕೇಳುವವರುಂಟು. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ 1970ರ ದಶಕದಿಂದ ನೀರು ಹಿಡಿದಿರುವ ಜಲಾಶಯದ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಅಡಿ. ಅದು ಎಷ್ಟೋ ಹೊಲಗಳನ್ನು ಹಸಿರಾಗಿಸಿತು, ಎಷ್ಟೋ ಊರುಗಳಿಗೆ ಕುಡಿಯುವ ನೀರನ್ನಿತ್ತಿತು. ಆ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಅಣೆಕಟ್ಟು ನುಂಗುವುದು ಸಣ್ಣ ನೆರೆಗಳನ್ನು. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಸದು. ಒಳಹರಿವು ಮಿತಿಮೀರಿದಾಗ ಬಾಗಿಲು ತೆರೆಯದೆ ಗತ್ಯಂತರವಿಲ್ಲ. ಸಣ್ಣ ನೆರೆಗಳು ನಿಂತುಹೋದದ್ದರಿಂದ ಕೆಳಗಿನ ಪಾತ್ರವು ವರ್ಷಗಟ್ಟಲೆ ಒಣಗಿತು, ಪಾತ್ರದ ಅಂಚಿನವರೆಗೂ ನೇಗಿಲು ನಡೆಯಿತು, ಜಾಲಿಕಂಟಿಗಳು ಬೆಳೆದವು, ನದಿಯೆಂಬುದು ಕಾಲುವೆಯಂತಾಯಿತು. ಹೀಗೆ ಅಣೆಕಟ್ಟು ಸಣ್ಣ ನೆರೆಗಳೊಡನೆ ಜನರ ನೆನಪನ್ನೂ ನುಂಗಿತೆಂದರೆ ಅತಿಶಯೋಕ್ತಿಯಲ್ಲ. ದೊಡ್ಡ ನೆರೆ ಬಂದಾಗ ನದಿ ತನ್ನ ಹಳೆಯ ಹಾಸಿಗೆಯನ್ನೇ ಹುಡುಕಿತು. ಅಲ್ಲಿ ಬೇರೆಯವರು ಮಲಗಿದ್ದರು.

ಹಳ್ಳಗಳ ವಿಷಯವೂ ಹೀಗೆಯೇ. ಹುಬ್ಬಳ್ಳಿಯ ಕಡೆಯಿಂದ ಎರೆಭೂಮಿಯಲ್ಲಿ ಹರಿದು ಬರುವ ಬೆಣ್ಣಿಹಳ್ಳವು ಬೇಸಗೆಯಲ್ಲಿ ದಾಟುವವನ ಪಾದವನ್ನೂ ತೋಯಿಸದು. ಮಳೆಗಾಲದ ಒಂದು ರಾತ್ರಿಯಲ್ಲಿ ಊರುಗಳ ದಾರಿಯನ್ನು ಕಡಿದುಹಾಕುತ್ತದೆ. ನದಿ ತುಂಬಿ ಹರಿಯುವಾಗ ಹಳ್ಳದ ನೀರಿಗೆ ಮುಂದೆ ಹೋಗಲು ಎಡೆಯಿಲ್ಲ. ಅದು ಹಿಮ್ಮೆಟ್ಟಿ ತಗ್ಗಿನ ಓಣಿಗಳಿಗೆ ನುಗ್ಗುತ್ತದೆ. ಎತ್ತರಿಸಿದ ರಸ್ತೆ ಮತ್ತು ಕಿರಿದಾದ ಮೋರಿ ಈ ಒತ್ತನ್ನು ಹೆಚ್ಚಿಸುತ್ತವೆ. ಆದುದರಿಂದ ನದಿಯಿಂದ ದೂರವಿದ್ದೇವೆಂಬುದೊಂದೇ ರಕ್ಷಣೆಯಲ್ಲ. ದೂರಕ್ಕಿಂತ ಎತ್ತರವೇ ಮುಖ್ಯ.

ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂಬ ಪದಪ್ರಯೋಗವೂ ಅನರ್ಥಕ್ಕೆ ಕಾರಣವಾಗಿದೆ. ಒಮ್ಮೆ ಬಂದರೆ ಇನ್ನು 99 ವರ್ಷ ಬಾರದೆಂಬುದು ಅದರ ಅರ್ಥವಲ್ಲ. ಪ್ರತಿ ವರ್ಷವೂ ನೂರರಲ್ಲಿ 1 ಪಾಲು ಸಂಭವವುಂಟೆಂಬುದೇ ಅರ್ಥ. ಲೆಕ್ಕ ಹಾಕಿದರೆ, 30 ವರ್ಷ ಬಾಳುವ ಮನೆಯ ಆಯುಷ್ಯದಲ್ಲಿ ಅಂಥ ನೆರೆ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 26. ನಾಲ್ಕರಲ್ಲಿ ಒಂದು ಪಾಲು ಅಪಾಯವುಳ್ಳ ವ್ಯವಹಾರಕ್ಕೆ ಯಾವ ವರ್ತಕನೂ ತನ್ನ ಸಮಸ್ತ ಬಂಡವಾಳವನ್ನು ಹೂಡಲಾರನು. ಆದರೆ ಗೃಹಸ್ಥನು ಜೀವಮಾನದ ಗಳಿಕೆಯನ್ನು ಹೂಡುತ್ತಾನೆ. ಏಕೆಂದರೆ ಅವನಿಗೆ ಹೇಳಿದವರಿಲ್ಲ.

ನಿವೇಶನವನ್ನು ಕೊಳ್ಳುವಾಗ ಆಯ, ದಿಕ್ಕು, ಉತಾರ, ಖರೀದಿಪತ್ರಗಳನ್ನು ನಮ್ಮ ಜನ ಎಚ್ಚರದಿಂದ ನೋಡುತ್ತಾರೆ. ಇವುಗಳೊಡನೆ ಇನ್ನು ಕೆಲವು ಪ್ರಶ್ನೆಗಳನ್ನು ಸೇರಿಸುವುದು ಅವಶ್ಯ. 2009ರಲ್ಲಿ, 2019ರಲ್ಲಿ, ಅದಕ್ಕೂ ಹಿಂದೆ ಹಿರಿಯರು ಕಂಡ ನೆರೆಗಳಲ್ಲಿ ನೀರು ಈ ಜಾಗದಲ್ಲಿ ಎಷ್ಟು ಏರಿತ್ತು? ಗ್ರಾಮನಕಾಶೆಯಲ್ಲಿ ಹಳ್ಳದ ಗೆರೆ ಎಲ್ಲಿ ಹಾಯುತ್ತದೆ? ಎನ್.ಎ. ಪ್ಲಾಟು ಆಗುವ ಮೊದಲು ಈ ನೆಲದಲ್ಲಿ ನೀರು ನಿಲ್ಲುತ್ತಿತ್ತೆ? ಊರಿನಿಂದ ಹೊರಬೀಳುವ ದಾರಿ ಮನೆಗಿಂತ ಮೊದಲೇ ಮುಳುಗುವುದೆ? ಉತ್ತರ ದೊರೆತ ಮೇಲೆ ಕಟ್ಟೆಯನ್ನು ಆ ಗುರುತಿಗಿಂತ ಮೇಲಕ್ಕೆ ಎತ್ತಬಹುದು. ಅಡಿಗೋಡೆಯನ್ನು ಹಸಿಮಣ್ಣಿನ ಬದಲು ಕಲ್ಲಿನಲ್ಲಿ ಕಟ್ಟಬಹುದು. ಕಾಗದಪತ್ರ, ಕಾಳುಕಡಿಗಳಿಗೆ ಎತ್ತರದ ಅಟ್ಟವನ್ನು ಕಲ್ಪಿಸಬಹುದು. 2021ರ ಏಪ್ರಿಲ್‌ನಿಂದ ವಿಮಾ ಕಂಪನಿಗಳು ನೀಡುತ್ತಿರುವ ‘ಭಾರತ್ ಗೃಹ ರಕ್ಷಾ’ ವಿಮೆಯಲ್ಲಿ ನೆರೆಯ ಹಾನಿಯೂ ಸೇರಿದೆಯೆಂಬುದನ್ನು ತಿಳಿದವರು ವಿರಳ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ನೆರೆಯ ಗುರುತನ್ನು ಬಹಿರಂಗಪಡಿಸಿದರೆ ನೆಲದ ಬೆಲೆ ಇಳಿಯುವುದೆಂದು ಕೆಲವರು ಅಂಜುತ್ತಾರೆ. ಇಳಿಯಲಿ. ಮುಚ್ಚಿಟ್ಟ ಗುರುತಿನ ಬೆಲೆಯನ್ನು ತೆರುವವನು ಮಾರಿದವನಲ್ಲ, ಅರಿಯದೆ ಕೊಂಡವನು. ಬಡವನಿಗೆ ಎತ್ತರದ ನೆಲ ಎಲ್ಲಿಂದ ಬರಬೇಕೆಂಬ ಎರಡನೆಯ ಆಕ್ಷೇಪ ಗುರುತರವಾದುದು. 2009ರ ಬಳಿಕ ಸರಕಾರವೂ ದಾನಿಗಳೂ ಕೂಡಿ ಎತ್ತರದ ಜಾಗಗಳಲ್ಲಿ ನವಗ್ರಾಮಗಳನ್ನು ಕಟ್ಟಿದರು. ಆದರೂ ಅನೇಕ ಮನೆಗಳು ಬರಿದಾಗಿಯೇ ಉಳಿದವು. ಹೊಲ ದೂರ, ದನ ಕಟ್ಟಲು ಎಡೆಯಿಲ್ಲ, ಹೊಟ್ಟು ಮೇವು ಇಡಲು ಹಿತ್ತಲಿಲ್ಲ. ಒಕ್ಕಲಿಗನ ಮನೆ ಮಲಗುವ ಕೋಣೆಯಷ್ಟೇ ಅಲ್ಲ. ದಾನ ಮಾಡುವವರು ಪಡೆಯುವವನ ಬದುಕನ್ನು ಕೇಳಿ ತಿಳಿದು ಮಾಡಿದರೆ ಮಾತ್ರ ಆ ದಾನವು ಸಾರ್ಥಕ.

ಈ ಕಾರ್ಯದಲ್ಲಿ ಶಾಲೆಗಳಿಗೆ ವಿಶೇಷವಾದ ಹೊಣೆಯುಂಟು. ಕಡಪಾ ಸೀಮೆಯ ಪೊರುಮಾಮಿಳ್ಳದಲ್ಲಿ 1369ರ ಶಾಸನವೊಂದು ಕೆರೆಗೆ ಬೇಕಾದ 12 ಅಂಗಗಳನ್ನೂ ತಟ್ಟಬಹುದಾದ 6 ದೋಷಗಳನ್ನೂ ಕಲ್ಲಿನಲ್ಲಿ ಕೊರೆದಿಟ್ಟಿದೆ. ನೀರಿನ ತಿಳಿವಳಿಕೆ ಒಬ್ಬರ ಬಾಯಲ್ಲಿ ಉಳಿದು ಅಳಿಯಬಾರದೆಂಬುದು ಅಂದಿನವರ ಆಶಯ. ಇಂದು ಪ್ರೌಢಶಾಲೆಯ ವಿದ್ಯಾರ್ಥಿಗಳು ಗುರುಗಳ ಮಾರ್ಗದರ್ಶನದಲ್ಲಿ ಓಣಿ ಓಣಿಗೆ ಹೋಗಿ, ಹಿರಿಯರ ಬಾಯಿಂದ ನೆರೆಯ ವೃತ್ತಾಂತವನ್ನು ಕೇಳಿ, ಗೋಡೆಗಳ ಮೇಲಿನ ಕಲೆಗಳನ್ನು ಅಳೆದು ಬರೆದಿಡಲಿ. ಎರಡು ಮೂರು ಬಾಯಿಗಳಲ್ಲಿ ಹೊಂದಿದುದನ್ನು ಮಾತ್ರ ನಿಜವೆಂದು ಸ್ವೀಕರಿಸಲಿ. ಅದು ಏಕಕಾಲದಲ್ಲಿ ಇತಿಹಾಸದ ಪಾಠ, ಭೂಗೋಲದ ಪಾಠ, ಗಣಿತದ ಪಾಠ.

ಶಾಲೆಯ ಗೋಡೆಗಳಲ್ಲಿ ದಾನಿಗಳ ಹೆಸರುಳ್ಳ ಕಲ್ಲುಗಳು ಇರುವುದು ಯೋಗ್ಯವೇ ಆಗಿದೆ. ಅವುಗಳ ಬದಿಯಲ್ಲಿ ಇನ್ನೊಂದು ಕಲ್ಲು ನಿಲ್ಲಲಿ. ಅದರ ಮೇಲೆ ಯಾರ ಹೆಸರೂ ಬೇಡ. ನೀರು ನಿಂತ ಮಟ್ಟಕ್ಕೆ ಒಂದು ಗೆರೆ, ಅದರ ಪಕ್ಕದಲ್ಲಿ ಇಸವಿ, ಇಷ್ಟೇ ಸಾಕು. ಅದನ್ನು ನೋಡುತ್ತ ಬೆಳೆದ ಮಗುವು ನಾಳೆ ಮನೆ ಕಟ್ಟಲು ಹೊರಟಾಗ ನೆಲದ ಬೆಲೆಯನ್ನು ಕೇಳುವ ಮೊದಲು ನೀರಿನ ಮಟ್ಟವನ್ನು ಕೇಳುವುದು. ಅಷ್ಟಾದರೆ ವಿದ್ಯೆ ಫಲಿಸಿದಂತೆ.