ಕುದುರೆ ಹೆಚ್ಚಿಸೋ ಮೊದಲು ಹಲ್ಲು ಎಣಿಸಿ

ನಮ್ಮ ಕ್ಯಾಂಟೀನಲ್ಲಿ ಜಿಪ್ಸಿ, ಜಿಮ್ನಿ ಅಂತ ಮಾತು ಶುರುವಾದ್ರೆ ಹತ್ತು ನಿಮಿಷದೊಳಗೆ ಅದು ಇಂಜಿನ್‌ಗೆ ಬಂದು ನಿಲ್ಲುತ್ತೆ. "ಟರ್ಬೊ ಹಾಕ್ಸು ಗುರು", "ಡೀಸೆಲ್ ಇಂಜಿನ್ ಕೂರಿಸು, ಆಮೇಲೆ ನೋಡು". ಎಷ್ಟು ಕುದುರೆ ಅನ್ನೋದೊಂದೇ ಪ್ರಶ್ನೆ. ಗೇರಿನ ಹಲ್ಲು ಎಷ್ಟು ಅಂತ ಕೇಳಿದವರನ್ನ ನಾನು ನೋಡಿಲ್ಲ. ಹೋದ ಮಳೆಗಾಲದವರೆಗೆ ನಾನೂ ಕೇಳಿರಲಿಲ್ಲ.

ನಮ್ಮ ಮಾವನದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಅವರ ಹಳೇ ಜಿಪ್ಸಿಗೆ 205/70 ಟೈರ್ ತೆಗೆದು 235/75 ಹಾಕಿಸಿದ್ರು. ನೋಡೋಕೆ ಚೆನ್ನಾಗೇ ಇತ್ತು. ಒಂದು ಸಂಜೆ ಹಿಂದುಗಡೆ ನಾಲ್ಕು ಜನ ಆಳುಗಳು ಕೂತಿದ್ರು, ಕಲ್ಲು ಏರು, ಜಡಿಮಳೆ. ಲೋ ರೇಂಜಿನ ಫಸ್ಟ್ ಗೇರಲ್ಲೂ ಗಾಡಿ ಬೇಕಾದಷ್ಟು ನಿಧಾನ ಹೋಗ್ತಿರಲಿಲ್ಲ, ಮಾವ ಹಾಫ್ ಕ್ಲಚ್‌ನಲ್ಲೇ ಹತ್ತಿಸ್ತಾ ಇದ್ರು. ಅರ್ಧ ದಾರೀಲಿ ಕ್ಲಚ್ ಸುಟ್ಟ ವಾಸನೆ, ಆಮೇಲೆ ಎಳೆತವೇ ಇಲ್ಲ. ಗಾಡಿ ಹಿಂದಕ್ಕೆ ಜಾರಿ ಚರಂಡಿಗೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಚರಂಡಿ ಇಲ್ಲದ ಕಡೆ ಆಗಿದ್ರೆ ಅನ್ನೋದನ್ನ ಈಗಲೂ ಯೋಚನೆ ಮಾಡೋಕೆ ಇಷ್ಟವಿಲ್ಲ.

ಮಾರನೇ ದಿನ ಮಾವ ಕೇಳಿದ್ರು: "ಏನೋ, ಮೆಕ್ಯಾನಿಕಲ್ ಓದ್ತಿದೀಯಲ್ಲ, ಹೇಳು, ಯಾಕೆ ಹಿಂಗಾಯ್ತು?" ಗೇರ್ ಟ್ರೇನ್ ಚಾಪ್ಟರ್‌ನಲ್ಲಿ ಒಳ್ಳೇ ಮಾರ್ಕ್ಸ್ ತಗೊಂಡವನು ನಾನು. ಉತ್ತರ ಬರಲಿಲ್ಲ.

ಉತ್ತರ ಹುಡುಕೋಕೆ ಬೇಕಾಗಿದ್ದು ಒಂದು ಕ್ಯಾಲ್ಕ್ಯುಲೇಟರ್ ಅಷ್ಟೆ. ಜಿಪ್ಸಿಯ ಮನೆತನ ಸುಜುಕಿಯ ಎಸ್‌ಜೆ ಗಾಡಿಗಳದ್ದು. 1985ರಲ್ಲಿ ನಮ್ಮಲ್ಲಿಗೆ ಬಂದದ್ದು 970 ಸಿಸಿಯ ಎಸ್‌ಜೆ 410ರ ಉದ್ದನೆಯ ರೂಪ. ಅದರ ಅಣ್ಣ 1.3 ಲೀಟರಿನ ಎಸ್‌ಜೆ 413, ಹೊರದೇಶಗಳಲ್ಲಿ ಸಮುರಾಯ್ ಅಂತ ಹೆಸರು. ಅದರ ಲೆಕ್ಕ ನೋಡಿ. ಫಸ್ಟ್ ಗೇರ್ 3.652, ಟ್ರಾನ್ಸ್‌ಫರ್ ಬಾಕ್ಸಿನ ಲೋ 2.268, ಕ್ರೌನ್ ಪಿನಿಯನ್ 3.73. ಮೂರನ್ನೂ ಗುಣಿಸಿದ್ರೆ ಸುಮಾರು 30.9. ಅಂದ್ರೆ ಇಂಜಿನ್ 30.9 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. 1000 ಆರ್‌ಪಿಎಂನಲ್ಲಿ 205/70 ಟೈರಿನ ಮೇಲೆ ಗಾಡಿ ಗಂಟೆಗೆ ಸುಮಾರು 4.1 ಕಿ.ಮೀ. ಹೋಗುತ್ತೆ. 235/75 ಹಾಕಿದ್ರೆ ಟೈರಿನ ವ್ಯಾಸ 668 ಮಿ.ಮೀ.ನಿಂದ 733ಕ್ಕೆ ಏರುತ್ತೆ, ವೇಗ 4.5 ಆಗುತ್ತೆ. ನೆಲದ ಮೇಲಿನ ಎಳೆತ ಹೆಚ್ಚುಕಮ್ಮಿ 9% ಇಳಿಯುತ್ತೆ. ಆ ಕೊರತೆಯನ್ನ ತುಂಬೋದು ಡ್ರೈವರ್‌ನ ಎಡಗಾಲು. ಸುಡೋದು ಕ್ಲಚ್ ಪ್ಲೇಟು.

ಈಗ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಸಣ್ಣ ಫೋರ್ ವೀಲ್ ಡ್ರೈವ್ ಗಾಡಿ ಗುಡ್ಡದಲ್ಲಿ ಏದುಸಿರು ಬಿಟ್ರೆ ಮೊದಲು ಮುಟ್ಟಬೇಕಾದ್ದು ಇಂಜಿನನ್ನಲ್ಲ, ಟ್ರಾನ್ಸ್‌ಫರ್ ಬಾಕ್ಸನ್ನು.

ಕಾರಣ ಒಂದು: ಏರಿನಲ್ಲಿ ಬೇಕಾದ್ದು ಕಡಿಮೆ ಆರ್‌ಪಿಎಂನಲ್ಲಿ ಚಕ್ರಕ್ಕೆ ಟಾರ್ಕ್. ಇಂಜಿನ್ ಬದಲಿಸಿ ಕುದುರೆ ಹೆಚ್ಚು ಮಾಡಿದ್ರೂ ಐಡಲ್‌ನಲ್ಲಿ ಗಾಡಿ ಅಷ್ಟೇ ವೇಗವಾಗಿ ಓಡುತ್ತೆ, ಹಾಫ್ ಕ್ಲಚ್ ತಪ್ಪೋದಿಲ್ಲ. ಇಳಿಜಾರಿನಲ್ಲಂತೂ ಕುದುರೆ ಏನೂ ಸಹಾಯ ಮಾಡೋದಿಲ್ಲ. ಅಲ್ಲಿ ಹಿಡಿದು ನಿಲ್ಲಿಸೋದು ಗೇರಿನ ಇಂಜಿನ್ ಬ್ರೇಕಿಂಗ್.

ಕಾರಣ ಎರಡು: ಎಸ್‌ಜೆ ಗಾಡಿಗಳಲ್ಲಿ ಈ ಬಾಕ್ಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟ್, ಮುಂದಕ್ಕೊಂದು, ಹಿಂದಕ್ಕೊಂದು. ಮೂರು ಶಾಫ್ಟ್ ಬಿಚ್ಚಿ, ಮೀಟರ್ ಕೇಬಲ್, ಲಿವರ್ ಕಳಚಿ, ರಬ್ಬರ್ ಮೌಂಟ್‌ಗಳ ಬೋಲ್ಟ್ ತೆಗೆದ್ರೆ ಇಬ್ಬರು ಹೊತ್ತು ಟೇಬಲ್ ಮೇಲಿಡಬಹುದು. ಇಂಜಿನ್, ಗೇರ್ ಬಾಕ್ಸ್ ಇದ್ದಲ್ಲೇ ಇರುತ್ತೆ.

ಕಾರಣ ಮೂರು: ಇದೇ ಕೆಲಸವನ್ನ ಕ್ರೌನ್ ಪಿನಿಯನ್ ಬದಲಿಸಿ ಮಾಡೋದಾದ್ರೆ ಹಿಂದೆ, ಮುಂದೆ ಎರಡೂ ಕಡೆ ಒಂದೇ ಅನುಪಾತದ್ದು ಹಾಕಬೇಕು. ಒಂದನ್ನ ಮಾತ್ರ ಹಾಕಿ ಫೋರ್ ವೀಲ್ ಎಳೆದ್ರೆ ಮುಂದಿನ ಮತ್ತು ಹಿಂದಿನ ಚಕ್ರಗಳು ಪರಸ್ಪರ ಜಗಳಕ್ಕೆ ಬಿದ್ದು ಏನಾದ್ರೂ ಒಂದು ಮುರಿಯುತ್ತೆ. ಟ್ರಾನ್ಸ್‌ಫರ್ ಬಾಕ್ಸ್ ಒಂದೇ, ಎರಡು ಆಕ್ಸಲ್‌ಗೂ ಲೆಕ್ಕ ಒಟ್ಟಿಗೆ ಬದಲಾಗುತ್ತೆ.

ಹಾಗಂತ ಇದು ಪುಕ್ಕಟೆ ಅಲ್ಲ. ಹಳೇ 410ರ ಬಾಕ್ಸಿನಲ್ಲಿ ಹೈ 1.580, ಲೋ 2.511. 413ರಲ್ಲಿ ಹೈ 1.409, ಲೋ 2.268. ಅಣ್ಣನಿಗೆ ತಮ್ಮನ ಬಾಕ್ಸ್ ಹಾಕೋದು ಹಳೇ ಉಪಾಯ. ಲೋ 11% ಇಳಿಯುತ್ತೆ, 235/75 ಟೈರಿನ ಮೇಲೂ ಆ 4.1 ಕಿ.ಮೀ. ಹತ್ತಿರಕ್ಕೆ ವಾಪಸ್ ಬರ್ತೀವಿ. ಆದ್ರೆ ಹೈ ಕೂಡ 12% ಇಳಿಯುತ್ತೆ. ಟೈರ್ ದೊಡ್ಡದು ಮಾಡದೆ ಬರೀ ಬಾಕ್ಸ್ ಬದಲಿಸಿದ್ರೆ ಹೈವೇಲಿ ಇಂಜಿನ್ ಅಷ್ಟೂ ಹೆಚ್ಚು ಕಿರುಚುತ್ತೆ, ಪೆಟ್ರೋಲೂ ಕುಡಿಯುತ್ತೆ. ಬೆಂಗಳೂರಿಗೆ ದಿನಾ ಓಡಾಡೋ ಗಾಡಿಗೆ ಇದು ಬೇಡ.

ಇನ್ನೂ ಆಸೆಪಟ್ಟು 4.16 ಲೋ ಕೊಡುವ ಗೇರ್ ಸೆಟ್ ಹಾಕೋರೂ ಇದ್ದಾರೆ. ಆಗ ಒಟ್ಟು ಅನುಪಾತ 56.7. ಐಡಲ್‌ನಲ್ಲಿ ನಡೆದು ಹೋಗೋರು ಗಾಡಿಯನ್ನ ಹಿಂದೆ ಹಾಕ್ತಾರೆ. ಚೆನ್ನಾಗಿದೆ ಅಲ್ವಾ? ಆದ್ರೆ ಟಾರ್ಕ್ 83% ಹೆಚ್ಚಾಗೋದು ಬಾಕ್ಸಿನ ನಂತರ ಬರುವ ಭಾಗಗಳಿಗೆ. ಕ್ಲಚ್‌ಗೂ ಗೇರ್ ಬಾಕ್ಸಿಗೂ ಮೊದಲಿನಷ್ಟೇ ಹೊರೆ. ಪ್ರೊಪೆಲ್ಲರ್ ಶಾಫ್ಟ್, ಕ್ರೌನ್, ಆಕ್ಸಲ್, ಮುಂದಿನ ಚಕ್ರದ ಜಾಯಿಂಟ್ ಇವುಗಳಿಗೆ ಹಬ್ಬ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಕಲ್ಲಿಗೆ ಸಿಕ್ಕ ಚಕ್ರಕ್ಕೆ ಆಕ್ಸಿಲರೇಟರ್ ಒತ್ತಿದ್ರೆ ಮುರಿಯೋದು ಆ ಜಾಯಿಂಟೇ. ತೋಟದ ಗಾಡಿಗೆ ಅಷ್ಟು ಬೇಕಿಲ್ಲ. ಬೇಕಾದಷ್ಟೇ ಇಳಿಸಿ ಅನ್ನೋದು ನನ್ನ ವಾದ.

"ಇಂಜಿನ್ ಬದಲಿಸಿದ್ರೆ ಎಲ್ಲಾ ಕಡೆ ಲಾಭ ಅಲ್ವಾ?" ಅಂತ ಕೇಳೋರಿದ್ದಾರೆ. ಖರ್ಚು ಬಿಡಿ, ಇಂಜಿನ್ ಬದಲಾದ್ರೆ ಆರ್‌ಸಿಯಲ್ಲಿರೋ ವಿವರವೇ ಬದಲಾಗುತ್ತೆ, ಆರ್‌ಟಿಒ ಅನುಮತಿ ಬೇಕು. ಭಾರದ ಡೀಸೆಲ್ ಇಂಜಿನ್ ಮೂಗಿನ ಮೇಲೆ ಕೂತ್ರೆ ಕೆಸರಲ್ಲಿ ಮೊದಲು ಹೂಳೋದು ಮುಂದಿನ ಚಕ್ರ. ಹಗುರ ಇರೋದೇ ಈ ಗಾಡಿಯ ಬಲ. ಅದನ್ನೇ ಕಳೆದುಕೊಂಡು ಏನು ಗಳಿಸಿದ ಹಾಗಾಯ್ತು?

ಹೊಸ ಜಿಮ್ನಿ ಇರೋರಿಗೂ ಒಂದು ಮಾತು. ಅದರ ಮ್ಯಾನುವಲ್‌ನಲ್ಲಿ 4.425, 2.002, 4.09 ಗುಣಿಸಿ: 36ರ ಮೇಲಿದೆ. ಕಂಪನಿ ಟೈರಿನ ಮೇಲೆ ಅದು ಸಾಕು. ಮೊದಲು ಓಡಿಸೋಕೆ ಕಲಿಯಿರಿ, ಸ್ಪ್ಯಾನರ್ ಆಮೇಲೆ ಹಿಡಿಯಿರಿ.

ದಸರಾ ರಜೆಯಲ್ಲಿ ಊರಿನ ಮೇಸ್ತ್ರಿ ಜೊತೆ ಮಾವನ ಬಾಕ್ಸ್ ಇಳಿಸಿದೆವು. ಗುಜರಿಯಿಂದ ಒಂದು ಹಳೇ ಬಾಕ್ಸ್ ತಂದಿದ್ರು. "ಇದೇ ಸರಿಯಾದ್ದು ಅಂತ ಹೆಂಗೆ ಗೊತ್ತು?" ಅಂದೆ. ಮೇಸ್ತ್ರಿ ನಕ್ಕು ಎರಡೂ ಫ್ಲಾಂಜಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ರು. "ಇದನ್ನ ಹತ್ತು ಸುತ್ತು ತಿರುಗ್ಸಿ, ಅದು ಎಷ್ಟು ತಿರುಗ್ತದೆ ಎಣಿಸಿ ಮಾರಾಯ್ರೇ." ನಮ್ಮ ಬಾಕ್ಸ್ ಹೈನಲ್ಲಿ ಹತ್ತಕ್ಕೆ ಏಳು ಸುತ್ತು ದಾಟಿತು. ಹಳೇದು ಆರೂಕಾಲು ಆಗಿ ಒಂಚೂರು ಮುಂದೆ ಹೋಯ್ತು. ಭಾಗಿಸಿ ನೋಡಿದ್ರೆ 1.4, 1.58. ಕಾಲೇಜಿಗೆ ಹೋಗದ ಮನುಷ್ಯ ನನಗೆ ಗೇರ್ ಟ್ರೇನ್ ಕಲಿಸಿದ್ದು ಹೀಗೆ. ಬೇರಿಂಗ್, ಸೀಲ್ ಹೊಸದು ಹಾಕಿ, ಆಯಿಲ್ ತುಂಬಿ ಕೂರಿಸಿದೆವು. ಈಗ ಅದೇ ಏರನ್ನ ಮಾವ ಕ್ಲಚ್ ಪೂರ್ತಿ ಬಿಟ್ಟು ಹತ್ತಿಸ್ತಾರೆ.

ನಮ್ಮ ವರ್ಕ್‌ಶಾಪಿನ ಮೂಲೆಯಲ್ಲೂ ಕೊಯ್ದು ಬಣ್ಣ ಬಳಿದ ಒಂದು ಗೇರ್ ಬಾಕ್ಸ್ ಇದೆ. ನಾಲ್ಕು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೀವಿ. ಮುಂದಿನ ಲ್ಯಾಬ್ ದಿನ ಒಂದು ಸೀಮೆಸುಣ್ಣ ತಗೊಂಡು ಹೋಗಿ. ತಿರುಗಿಸಿ, ಎಣಿಸಿ. ಮನೇಲಿ ಯಾರಾದ್ರೂ "ಯಾಕೆ ಹಿಂಗಾಯ್ತು?" ಅಂತ ಕೇಳಿದಾಗ ನನ್ನ ಹಾಗೆ ಬಾಯಿ ಮುಚ್ಚಿಕೊಂಡು ನಿಲ್ಲೋ ಪರಿಸ್ಥಿತಿ ನಿಮಗೆ ಬರೋದು ಬೇಡ.