ಜೀವಾಕ್ಷರಗಳ ಭಂಡಾರಗಳೂ ಒಂದೇ ಬಾಗಿಲಿನ ಅವಶ್ಯಕತೆಯೂ

೨೦೧೮ನೆಯ ಇಸವಿಯಲ್ಲಿ ಮುಸುಕಿನ ಜೋಳದ ಪೈರಿಗೆ ಬಿದ್ದ ಹುಳುವನ್ನು ಈ ನಾಡಿನ ಹಿಡುವಳಿದಾರರು ಮರೆತಿರಲಾರರು. ಸುಳಿಯೊಳಗೆ ಸೇರಿ ಎಲೆಯನ್ನು ಹರಿದು ತಿಂದು, ಮರದ ಹೊಟ್ಟಿನಂತಹ ಹಿಕ್ಕೆಯನ್ನು ಅಲ್ಲಿಯೇ ತುಂಬಿ ಬಿಡುವ ಆ ಹುಳುವನ್ನು ಪೂರ್ವದಿಂದಲೂ ಕಂಡುಬರುತ್ತಿದ್ದ ಸೈನಿಕ ಹುಳುವೆಂದು ಭಾವಿಸುವುದು ಸಹಜವೇ ಆಗಿತ್ತು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರಜ್ಞರು ಆ ವರ್ಷದ ಮೇ ತಿಂಗಳಿನಲ್ಲಿ ಅದನ್ನು ಕಂಡು, ಇದು ಅಮೆರಿಕಾ ಖಂಡದ ಫಾಲ್ ಸೈನಿಕ ಹುಳುವೆಂದೂ, ಭಾರತಕ್ಕೆ ಹೊಸದೆಂದೂ ಮೊಟ್ಟಮೊದಲಿಗೆ ತಿಳಿಯಪಡಿಸಿದರು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂತಹ ಗೆರೆ, ಹೊಟ್ಟೆಯ ೮ನೆಯ ಖಂಡದ ಮೇಲೆ ಚೌಕವಾಗಿ ನಿಂತ ೪ ಕಪ್ಪು ಚುಕ್ಕೆಗಳು, ಇವು ಅದರ ಕುರುಹುಗಳು. ಆದರೆ ಮರಿಯು ತೀರ ಎಳೆಯದಾಗಿರುವಾಗ ಇವು ಸ್ಪಷ್ಟವಾಗಿ ಕಾಣವು. ಮೊಟ್ಟೆಯಲ್ಲಂತೂ ಇಲ್ಲವೇ ಇಲ್ಲ. ಹತೋಟಿಯು ಸುಲಭವಾಗಿಯೂ ಅಲ್ಪ ವೆಚ್ಚದಲ್ಲಿಯೂ ಸಾಧ್ಯವಾಗುವ ಕಾಲವಾದರೋ ಅದೇ ಆಗಿರುವುದು.

ಕಣ್ಣಿಗೆ ನಿಲುಕದ ಕುರುಹನ್ನು ಹಿಡಿಯಲು ಈಗ ಬೇರೊಂದು ಮಾರ್ಗವುಂಟು. ಪ್ರತಿಯೊಂದು ಪ್ರಾಣಿಯ ಮತ್ತು ಸಸ್ಯದ ದೇಹದಲ್ಲಿಯೂ ಡಿ.ಎನ್.ಎ. ಎಂಬ ವಸ್ತುವಿದ್ದು, ಅದು ೪ ಅಕ್ಷರಗಳಿಂದಲೇ ಬರೆದ ಬಲು ಉದ್ದವಾದ ಲೇಖನದಂತಿರುತ್ತದೆ. ಕೆನಡಾ ದೇಶದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ಪಾಲ್ ಹೆಬರ್ಟ್ ಎಂಬ ವಿದ್ವಾಂಸರೂ ಅವರ ಸಹೋದ್ಯೋಗಿಗಳೂ ಈ ಲೇಖನದ ಸುಮಾರು ೬೫೦ ಅಕ್ಷರಗಳ ಒಂದು ನಿಯತ ಭಾಗವನ್ನು ಓದಿದರೆ ಪ್ರಾಣಿಯ ಜಾತಿಯನ್ನು ಬಹುಮಟ್ಟಿಗೆ ಹೇಳಬಹುದೆಂದು ೨೦೦೩ರಲ್ಲಿ ಪ್ರತಿಪಾದಿಸಿದರು. ಓದಿದ ಅಕ್ಷರಗಳನ್ನು ತಾಳೆ ನೋಡಲು ದಫ್ತರ ಬೇಕಷ್ಟೆ. ಅದಕ್ಕೆ ಕೊರತೆಯಿಲ್ಲ. ಅಮೆರಿಕಾದಲ್ಲಿ ೧೯೮೨ರಲ್ಲಿ ಆರಂಭವಾದ ಜೆನ್‌ಬ್ಯಾಂಕ್ ಎಂಬ ಭಂಡಾರವೂ, ಯೂರೋಪು ಮತ್ತು ಜಪಾನುಗಳಲ್ಲಿರುವ ಅದರ ಜೊತೆಯ ಭಂಡಾರಗಳೂ ತಮ್ಮ ಸಂಗ್ರಹಗಳನ್ನು ಪ್ರತಿದಿನವೂ ಪರಸ್ಪರ ವಿನಿಮಯ ಮಾಡಿಕೊಳ್ಳುತ್ತವೆ. ನೋಡುವವರು ಶುಲ್ಕ ತೆರಬೇಕಾದುದಿಲ್ಲ. ಕೆನಡಾದ ಬೋಲ್ಡ್ ಎಂಬ ಭಂಡಾರವು ಮೇಲೆ ಹೇಳಿದ ಗುರುತಿನ ಭಾಗಕ್ಕೆಂದೇ ಏರ್ಪಟ್ಟಿರುವುದು. ೧೯೯೦ರಲ್ಲಿ ಪ್ರಕಟವಾದ ಬ್ಲಾಸ್ಟ್ ಎಂಬ ಗಣಕಕ್ರಮವು ಕೈಯಲ್ಲಿರುವ ಅಕ್ಷರಗಳಿಗೆ ಅತ್ಯಂತ ಸಮೀಪವಾದವುಗಳನ್ನು ಭಂಡಾರದಿಂದ ಆರಿಸಿ ಕೊಡುತ್ತದೆ. ಈ ವಿದ್ಯೆಗೆ ಜೀವಮಾಹಿತಿ ಶಾಸ್ತ್ರವೆಂದು ಹೆಸರು.

ಇಷ್ಟೆಲ್ಲ ಇದ್ದೂ ಹೋಬಳಿಯ ಕೃಷಿ ಅಧಿಕಾರಿಗೆ ಇದರಿಂದ ನೇರವಾದ ಪ್ರಯೋಜನವು ಏಕೆ ದೊರೆಯದು? ಭಂಡಾರಗಳು ಹಲವು, ಗಣಕಕ್ರಮಗಳು ಹಲವು. ಒಂದರ ಉತ್ತರವನ್ನು ಇನ್ನೊಂದು ಹಾಗೆಯೇ ಸ್ವೀಕರಿಸದು. ಭಾಷೆ ಇಂಗ್ಲಿಷು, ಅದರಲ್ಲಿಯೂ ಪಂಡಿತರ ಇಂಗ್ಲಿಷು.

ಹಿಡುವಳಿದಾರರಿಗೆ ಈ ತೊಡಕು ಹೊಸದಲ್ಲ. ಪಹಣಿಗಾಗಿ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ದಿನಗಟ್ಟಲೆ ತಿರುಗಿದ ಕಾಲವನ್ನು ಹಿರಿಯರು ಬಲ್ಲರು. ೨೦೦೦ನೆಯ ಇಸವಿಯ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲ್ಲೂಕು ಕಚೇರಿಯ ಒಂದು ಕಿಟಕಿಯಲ್ಲಿ ದೊರೆಯುವಂತೆ ಮಾಡಲಾಯಿತು. ಜಮೀನು ಅದೇ, ಲೆಕ್ಕವೂ ಬಹುಪಾಲು ಅದೇ, ಬದಲಾದದ್ದು ಬಾಗಿಲು. ಜೀವಾಕ್ಷರಗಳ ವಿಷಯದಲ್ಲಿ ಈಗ ಆಗಬೇಕಾಗಿರುವುದೂ ಇಂತಹ ಕೆಲಸವೇ ಹೊರತು ಮತ್ತೊಂದು ಹೊಸ ಭಂಡಾರದ ಸ್ಥಾಪನೆಯಲ್ಲ. ಹೊಸ ಭಂಡಾರಕ್ಕೆ ಶಂಕುಸ್ಥಾಪನೆಯ ಸಂಭ್ರಮವುಂಟು, ಬಾಗಿಲಿಗೆ ಅದಿಲ್ಲ. ಆ ಕಾರಣದಿಂದಲೇ ಬಾಗಿಲು ಹಿಂದೆ ಬೀಳುತ್ತದೆಯೋ ಏನೋ.

ಹಲವು ಭಂಡಾರಗಳನ್ನು ಒಟ್ಟಿಗೆ ನೋಡದಿದ್ದರೆ ಆಗುವ ಹಾನಿಗೆ ಆ ಹುಳುವೇ ನಿದರ್ಶನ. ಅದರಲ್ಲಿ ಭತ್ತದ ಪಂಗಡ, ಮುಸುಕಿನ ಜೋಳದ ಪಂಗಡವೆಂದು ೨ ಬಗೆಗಳನ್ನು ಶಾಸ್ತ್ರಜ್ಞರು ಗುರುತಿಸಿದ್ದಾರೆ. ಕರ್ನಾಟಕದ ಮುಸುಕಿನ ಜೋಳದ ಹೊಲಗಳಿಂದ ತಂದ ಹುಳುಗಳ ಗುರುತಿನ ಭಾಗವನ್ನು ತಾಳೆ ನೋಡಿದಾಗ ಬಂದ ಉತ್ತರವು ಭತ್ತದ ಪಂಗಡವೆಂದು! ಇದೊಂದನ್ನೇ ಓದಿದರೆ ಗದ್ದೆಯವನು ಗಾಬರಿಯಾಗಿ ಔಷಧ ಸಿಂಪಡಿಸಲು ಹೊರಡುವನು, ಹೊಲದವನು ನಿಶ್ಚಿಂತನಾಗಿ ಕುಳಿತುಬಿಡುವನು. ಆ ಭಾಗವು ತಾಯಿಯ ಕಡೆಯಿಂದ ಮಾತ್ರ ಬರತಕ್ಕದ್ದು; ವಂಶದ ಅರ್ಧ ಸಂಗತಿಯನ್ನು ಅದು ಹೇಳಲಾರದು. ಟಿ.ಪಿ.ಐ. ಎಂಬ ಬೇರೊಂದು ಜೀನನ್ನೂ ಪರಿಶೀಲಿಸಿ ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಹುಳುಗಳ ಪೈಕಿ ಹೆಚ್ಚಿನವು ಮುಸುಕಿನ ಜೋಳದ ಪಂಗಡದ ಕುರುಹನ್ನು ತೋರಿದವು. ಎರಡು ಉತ್ತರಗಳೂ ಒಂದೇ ಪುಟದ ಮೇಲೆ, ಹೊಲದಲ್ಲಿ ಅದು ತಿನ್ನುತ್ತಿರುವ ಬೆಳೆಯ ಹೆಸರಿನೊಡನೆ, ಒಟ್ಟಿಗೆ ಕಾಣುವಂತಿದ್ದರೆ ಈ ಭ್ರಮೆಗೆ ಅವಕಾಶವೇ ಇರದು.

ಇದು ಆಗದ ಮಾತೇನೂ ಅಲ್ಲ. ಅಮೆರಿಕಾದ ವಿದ್ವಾಂಸರು ೨೦೦೫ರಿಂದ ಬೆಳೆಸಿರುವ ಗ್ಯಾಲಕ್ಸಿ ಎಂಬ ವ್ಯವಸ್ಥೆಯಲ್ಲಿ ನಾನಾ ಗಣಕಕ್ರಮಗಳನ್ನು ಒಂದು ಜಾಲಪುಟದ ಹಿಂದೆ ಸರಪಳಿಯಂತೆ ಜೋಡಿಸಿ, ಆಜ್ಞೆಗಳನ್ನು ಕಂಠಪಾಠ ಮಾಡದವರೂ ಗುಂಡಿಯನ್ನೊತ್ತಿ ನಡೆಸುವಂತೆ ಏರ್ಪಡಿಸಿದೆ. ಮಾಡಿದ ಪ್ರತಿ ಹಂತವೂ ಅದರಲ್ಲಿ ದಾಖಲಾಗುವುದರಿಂದ ಮತ್ತೊಬ್ಬರು ಅದನ್ನೇ ಪುನಃ ನಡೆಸಿ ಪರೀಕ್ಷಿಸಬಹುದು. ಇದೇ ಮಾದರಿಯಲ್ಲಿ ಕನ್ನಡದ ಒಂದು ಪುಟವನ್ನು ರಚಿಸಿ, ಬೋಲ್ಡ್ ಮತ್ತು ಜೆನ್‌ಬ್ಯಾಂಕ್‌ಗಳನ್ನೂ, ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರ ಚಿತ್ರಸಹಿತ ಪುಟಗಳನ್ನೂ, ವಿಶ್ವವಿದ್ಯಾನಿಲಯಗಳ ಹತೋಟಿ ಶಿಫಾರಸುಗಳನ್ನೂ ಅದರ ಹಿಂದೆ ಹೆಣೆದು, ರೈತ ಸಂಪರ್ಕ ಕೇಂದ್ರಗಳಲ್ಲಿ ತೆರೆದಿಡುವುದು ಉಚಿತ.

ಬಾಗಿಲು ಸುಲಭವಾದರೆ ಅರಿಯದವರು ಒಳಹೊಕ್ಕು ತಪ್ಪು ತೀರ್ಮಾನ ಮಾಡುವರೆಂಬ ಆಕ್ಷೇಪಣೆಯುಂಟು. ಇದು ನಿರಾಧಾರವಲ್ಲ. ಜೆನ್‌ಬ್ಯಾಂಕಿನಲ್ಲಿ ಒಪ್ಪಿಸಿದವರು ಕೊಟ್ಟ ಹೆಸರೇ ಸಾಮಾನ್ಯವಾಗಿ ಉಳಿಯುವುದರಿಂದ ತಪ್ಪು ಹೆಸರಿನ ನಮೂನೆಗಳೂ ಅದರಲ್ಲಿವೆ. ಗಣಕಯಂತ್ರವು ತಪ್ಪು ಪಹಣಿಯನ್ನೂ ಅಷ್ಟೇ ಅಂದವಾಗಿ ಮುದ್ರಿಸಿಕೊಡುತ್ತದೆಯೆಂಬುದನ್ನು ತಿದ್ದುಪಡಿಗಾಗಿ ಅಲೆದವರಿಗೆ ಹೇಳಬೇಕಾಗಿಲ್ಲ. ಆದರೆ ಇದಕ್ಕೆ ಪರಿಹಾರವು ಬಾಗಿಲನ್ನು ಮುಚ್ಚುವುದಲ್ಲ. ನೂರಕ್ಕೆ ಎಷ್ಟು ಅಕ್ಷರಗಳು ಕೂಡಿದುವು, ಎಷ್ಟು ನಮೂನೆಗಳೊಡನೆ ಕೂಡಿದುವು, ಆ ನಮೂನೆಗಳು ಯಾವ ದೇಶದವು ಎಂಬ ೩ ಸಂಗತಿಗಳನ್ನು ಉತ್ತರದ ಪಕ್ಕದಲ್ಲಿಯೇ ದಪ್ಪಕ್ಷರಗಳಲ್ಲಿ ತೋರಿಸತಕ್ಕದ್ದು. ಸಂದೇಹವಿದ್ದಲ್ಲಿ ‘ತಜ್ಞರಿಗೆ ಕಳುಹಿಸಿರಿ’ ಎಂದು ಪುಟವೇ ಹೇಳತಕ್ಕದ್ದು.

ಇನ್ನು ಊರಿನ ಪ್ರಮುಖರ ಪಾತ್ರ. ಎಷ್ಟೇ ಉತ್ತಮವಾದ ಪುಟವಿದ್ದರೂ ಪ್ಲಾಸ್ಟಿಕ್ ಚೀಲದಲ್ಲಿ ಕೊಳೆತು ಬಂದ ಹುಳುವಿನಿಂದ ಅಕ್ಷರಗಳನ್ನು ಓದುವುದು ಕಷ್ಟ. ಫಾರ್ಮಲಿನ್ನಿನಲ್ಲಿಟ್ಟದ್ದು ಈ ಪರೀಕ್ಷೆಗೆ ಬಹುಮಟ್ಟಿಗೆ ನಿರುಪಯೋಗ. ನೂರಕ್ಕೆ ೯೫ ಭಾಗದ ಎಥನಾಲ್ ತುಂಬಿದ ಸಣ್ಣ ಸೀಸೆಗಳನ್ನು ಸಂಪರ್ಕ ಕೇಂದ್ರದಿಂದ ಕೇಳಿ ಪಡೆದು, ಒಂದೊಂದರಲ್ಲಿಯೂ ಕೆಲವೇ ಹುಳುಗಳನ್ನಿಟ್ಟು, ಹುಳುವಿನ ನೀರಿನಿಂದ ದ್ರವವು ತೆಳುವಾಗುವುದರಿಂದ ಮರುದಿನ ಅದನ್ನು ಒಮ್ಮೆ ಬದಲಾಯಿಸತಕ್ಕದ್ದು. ಗ್ರಾಮ, ಸರ್ವೆ ನಂಬರು, ಬೆಳೆ, ತಳಿ, ಬಿತ್ತಿದ ದಿನ, ಹುಳು ಹಿಡಿದ ದಿನ, ಇಷ್ಟನ್ನೂ ಸೀಸದ ಕಡ್ಡಿಯಿಂದ ಚೀಟಿಯ ಮೇಲೆ ಬರೆದು ಸೀಸೆಯ ಒಳಗೇ ಹಾಕುವುದು. ಶಾಯಿಯಿಂದ ಬರೆದದ್ದು ಎಥನಾಲಿನಲ್ಲಿ ಕರಗಿಹೋಗುತ್ತದೆ.